ಹಿಂದಿನ ದೀಪದೊಳಗಿನ ನೀರು

ಕಾರಿನ ಹಿಂದಿನ ದೀಪ ಓಡಿಸುವವರಿಗೆ ಕಾಣುವುದಿಲ್ಲ. ಅದು ಕೆಟ್ಟಿದೆ ಅನ್ನುವುದನ್ನು ಊರೆಲ್ಲ ನೋಡಿ, ನಕ್ಕು, ಕೊನೆಗೆ ನಮಗೆ ತಿಳಿಸಬೇಕು. ನನ್ನ ಕಾರಿನ ಎಡಗಡೆಯ ಕೆಂಪು ದೀಪದೊಳಗೆ ನೀರು ನಿಂತಿದೆ ಎಂದು ಮೊದಲು ಹೇಳಿದವರು ಹಳೇಬೀಡಿನಲ್ಲಿ ನಮ್ಮ ಶಾಲೆಯ ಎದುರಿಗೆ ಟೀ ಅಂಗಡಿ ಇಟ್ಟಿರುವವರು.

"ಮೇಡಂ, ಒಳಗೆ ಎರಡು ಮೀನು ಬಿಟ್ರೆ ನೋಡೋಕೆ ಚೆನ್ನಾಗಿರ್ತದೆ" ಅಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ನಿಮ್ಮ ಹಾಲಿಗೆ ಬೆರೆಸೋ ನೀರಿಗಿಂತ ಕಡಿಮೆನೇ ಇದೆ ಬಿಡಿ" ಅಂದುಬಿಟ್ಟೆ. ಆಮೇಲೆ ಬಗ್ಗಿ ನೋಡಿದರೆ ನಿಜವಾಗಿಯೂ ಮೀನು ಬಿಡುವಷ್ಟಿತ್ತು. ಕೆಳಗೆ ಅರ್ಧ ಲೋಟದಷ್ಟು ನೀರು, ಅದರ ಮೇಲೆ ಗಾಜಿನ ಒಳಮೈಗೆಲ್ಲ ಹಬೆ ಕಟ್ಟಿ ಹನಿಹನಿ. ಬಲಗಡೆಯ ದೀಪ ಮಾತ್ರ ಒಣಗಿಕೊಂಡು ಆರಾಮವಾಗಿತ್ತು.

ಈ ಕಾರಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ನಮ್ಮ ಮನೆ ಅರಸೀಕೆರೆಯಲ್ಲಿ, ನಾನು ಗಣಿತ ಹೇಳಿಕೊಡುವ ಶಾಲೆ ಹಳೇಬೀಡಿನಲ್ಲಿ. ಜಾವಗಲ್ ಮೇಲೆ ಹೋಗಿ ಬರುವ ದಾರಿ. ಎಷ್ಟೋ ವರ್ಷ ಆ ದಾರಿಯನ್ನು ಬಸ್ಸಿನಲ್ಲಿ, ಅದರಲ್ಲೂ ಮುಕ್ಕಾಲು ಪಾಲು ನಿಂತುಕೊಂಡೇ ಸವೆಸಿದ್ದೇನೆ. ಕಾರು ನಮ್ಮ ಮಾವನವರದು. ಅವರು ತೀರಿಕೊಂಡ ಮೇಲೆ ಟಾರ್ಪಾಲು ಹೊದ್ದುಕೊಂಡು ಮನೆಯ ಮುಂದೆ ನಿಂತಿತ್ತು. ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಸಿಗ್ನಲ್ ಕೆಲಸ, ಸ್ಟೇಷನ್ನು ಕೂಗಳತೆಯಲ್ಲಿದೆ, ಅವರಿಗೆ ಸ್ಕೂಟರೇ ಹೆಚ್ಚು. ಒಂದು ದಿನ ನಮ್ಮ ಅತ್ತೆ ಬೀರುವಿನಿಂದ ಕೀಲಿ ತಂದು ನನ್ನ ಕೈಗೆ ಕೊಟ್ಟರು.

"ಸುಮ್ನೆ ನಿಂತಿದ್ರೆ ತುಕ್ಕು ಹಿಡೀತೈತೆ. ನೀನೇ ಓಡ್ಸವ್ವ" ಅಂದರು.

ಆಗ ನನಗೆ ನಲವತ್ತೈದು ದಾಟಿತ್ತು. ಕಲಿಯುವಾಗ ಗೇಟಿಗೆ ಒಂದು ಸಲ ಗುದ್ದಿದ್ದೂ ಉಂಟು. ಯಜಮಾನರು ಕಿಟಕಿಯಲ್ಲಿ ನಿಂತು ನಕ್ಕರು, ಅತ್ತೆ ನಗಲಿಲ್ಲ. ಕಲಿತ ಮೇಲೆ ಮಾತ್ರ ನನ್ನ ಬೆಳಗುಗಳೇ ಬೇರೆಯಾದವು. ಜಾವಗಲ್ ದಾಟಿದ ಮೇಲೆ ರಸ್ತೆ ಖಾಲಿಯಾಗುತ್ತದೆ. ಎರಡೂ ಕಡೆ ರಾಗಿ ಹೊಲ, ನಡುವೆ ಅಲ್ಲಲ್ಲಿ ತೆಂಗಿನ ತೋಟ. ನಾನು ಗಟ್ಟಿಯಾಗಿ ಹಾಡಿಕೊಳ್ಳುತ್ತೇನೆ, ಕೇಳುವವರಿಲ್ಲದ್ದರಿಂದ ಯಾರಿಗೂ ತೊಂದರೆಯಿಲ್ಲ. ಭಾನುವಾರ ಒಮ್ಮೊಮ್ಮೆ ಅತ್ತೆಯನ್ನು ಕೂರಿಸಿಕೊಂಡು ಗೆಂಡೆಹಳ್ಳಿಯಲ್ಲಿರುವ ಅವರ ತಂಗಿಯ ಮನೆಗೆ ಹೋಗುತ್ತೇನೆ. ಬಸ್ಸಿನಲ್ಲಿ ಅವರಿಗೆ ವಾಂತಿಯಾಗುತ್ತದೆ. ಕಾರಿನ ಮುಂದಿನ ಸೀಟಿನಲ್ಲಿ ಕೂತರೆ ಹಾಗಾಗುವುದಿಲ್ಲ, ಬದಲಿಗೆ ಸೆರಗು ಸರಿ ಮಾಡಿಕೊಂಡು ಎದುರು ಬರುವ ಲಾರಿಗಳನ್ನೆಲ್ಲ ಬೈಯುತ್ತಾರೆ. ಆ ಕಾರು ಇಲ್ಲದಿದ್ದರೆ ನಾವಿಬ್ಬರೂ ಎಲ್ಲಿಗೆ ಹೋಗಬೇಕಾದರೂ ಬೇರೆಯವರ ಮುಖ ನೋಡಬೇಕು. ಅದು ನಮ್ಮಿಬ್ಬರಿಗೂ ಗೊತ್ತು.

ದೀಪದ ನೀರನ್ನು ಮೊದಮೊದಲು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಬಿಸಿಲು ಬಂದರೆ ಒಣಗುತ್ತದೆ ಅಂದುಕೊಂಡೆ. ಶ್ರಾವಣದ ಒಂದು ಸಂಜೆ, ಜಡಿಮಳೆಯಲ್ಲಿ, ಜಾವಗಲ್ಲಿನ ಹಂಪ್ ಹತ್ತಿರ ಬ್ರೇಕ್ ಹಾಕಿದೆ. ಹಿಂದೆ ಟೈರು ಕಿರುಚಿದ ಸದ್ದು. ಒಂದು ಲಾರಿ ನನ್ನ ಡಿಕ್ಕಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು ನಿಂತಿತ್ತು. ಡ್ರೈವರ್ ಇಳಿದು ಬಂದ. ಬೈಯುತ್ತಾನೆ ಅಂತ ನಾನೂ ಬಾಯಿ ಸಿದ್ಧ ಮಾಡಿಕೊಂಡಿದ್ದೆ. ಅವನು ಮುಖದ ಮಳೆನೀರು ಒರೆಸಿಕೊಂಡು ನನ್ನ ಕಿಟಕಿಗೆ ಬಗ್ಗಿದ.

"ಅಕ್ಕಾ, ಹಿಂದೆ ಒಂದು ದೀಪಾನೂ ಇಲ್ಲ. ಈ ಮಳೇಲಿ ನೀವು ನಂಗೆ ಹೆಂಗೆ ಕಾಣ್ಬೇಕು?"

ಎಡಗಡೆಯ ನೀರು ವೈರಿಗೆ ತಾಗಿ ಫ್ಯೂಸ್ ಹೋಗಿ ಎರಡೂ ಕಡೆ ಕತ್ತಲಾಗಿತ್ತು. ಬೇರೆ ಫ್ಯೂಸಿನಲ್ಲಿದ್ದ ಇಂಡಿಕೇಟರುಗಳನ್ನು ಮಿಟುಕಿಸಿಕೊಂಡು, ಅವನನ್ನೇ ಹಿಂದೆ ಬರಲು ಕೇಳಿಕೊಂಡು ಮನೆ ಸೇರಿದೆ.

ಮನೆಯಲ್ಲಿ ಹೇಳದೆ ಇರಬಹುದಿತ್ತು. ಹೇಳಿಬಿಟ್ಟೆ. ಯಜಮಾನರು ಕೂಗಾಡುವ ಜಾತಿಯಲ್ಲ. ತಟ್ಟೆಯ ಮುದ್ದೆಯನ್ನು ಪೂರ್ತಿ ಮುಗಿಸಿ, ಕೈ ತೊಳೆದು ಬಂದು ಹೇಳಿದರು.

"ನಮ್ಮಲ್ಲಿ ಗಾಡಿಯ ಕೊನೇ ಡಬ್ಬಿಗೆ ಕೆಂಪು ದೀಪ ಕಾಣಲಿಲ್ಲ ಅಂದ್ರೆ ಗಾಡಿ ಪೂರ್ತಿ ಬಂದಿಲ್ಲ ಅಂತ ಲೆಕ್ಕ. ಆ ಲೈನಲ್ಲಿ ಇನ್ನೊಂದು ಗಾಡಿ ಬಿಡಲ್ಲ. ನೀನು ಈ ದೀಪ ಸರಿಯಾಗೋವರೆಗೂ ಬಸ್ಸಲ್ಲಿ ಹೋಗು. ಆಯುಧಪೂಜೆ ಹೊತ್ತಿಗೂ ಸರಿಹೋಗ್ಲಿಲ್ಲ ಅಂದ್ರೆ ಕಾರು ಕೊಟ್ಟುಬಿಡೋಣ."

"ಒಂದು ದೀಪಕ್ಕೆ ಕಾರು ಮಾರೋದಾ?"

"ದೀಪಕ್ಕಲ್ಲ" ಅಂದರು. ಅವರ ಮುಖ ನೋಡಿ ನನಗೆ ಮುಂದಕ್ಕೆ ಜಗಳ ಆಡಲಾಗಲಿಲ್ಲ. ಹೆದರಿದ್ದರು. ಬಾಗಿಲ ಪಕ್ಕ ನಿಂತಿದ್ದ ಅತ್ತೆ ಒಳಗೆ ಹೋದರು.

ಮರುದಿನವೇ ಗ್ಯಾರೇಜಿಗೆ ಬಿಟ್ಟೆ. ಆ ಮಾದರಿಯ ಕಾರು ಬರುವುದು ನಿಂತು ಕಾಲವಾಗಿದೆ, ಹೊಸ ದೀಪ ಎಲ್ಲೂ ಸಿಗಲಿಲ್ಲ. ಗ್ಯಾರೇಜಿನವರು ದೀಪದ ಸುತ್ತ ಅಂಟು ಬಳಿದು, ಅದರ ಮೇಲೆ ಎಂ-ಸೀಲ್ ಮೆತ್ತಿ, ಅದರ ಮೇಲೆ ಮತ್ತೆ ಅಂಟು ಬಳಿದು ಕೊಟ್ಟರು. "ಇನ್ನು ಗಾಳಿನೂ ನುಗ್ಗಲ್ಲ ಮೇಡಂ" ಅಂದರು. ಎರಡು ಮಳೆ ಕಳೆಯುವಷ್ಟರಲ್ಲಿ ಒಳಗೆ ಮತ್ತೆ ಹನಿ. ವಾಪಸ್ಸು ಹೋದರೆ ಇನ್ನೊಂದು ಪದರ. ದೀಪದ ಅಂಚು ಬಾಣಂತಿ ತಲೆಗೆ ಸುತ್ತಿದ ಬಟ್ಟೆಯಂತೆ ದಪ್ಪವಾಯಿತು, ನೀರು ಮಾತ್ರ ಇದ್ದಲ್ಲೇ ಇತ್ತು.

ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ನಿಂತು ನಿಂತು ನನ್ನ ಕೋಪ ಹದಕ್ಕೆ ಬಂದಿತ್ತು. ಇದನ್ನು ನಾನೇ ಬಿಚ್ಚುತ್ತೇನೆ ಅಂತ ತೀರ್ಮಾನಿಸಿದೆ. ಫೋನಿನಲ್ಲಿ ಯಾರೋ ಬಿಚ್ಚುವ ವಿಡಿಯೋ ನೋಡಿಕೊಂಡೆ. ಕಷ್ಟವೇನಿಲ್ಲ. ಡಿಕ್ಕಿ ತೆಗೆದು ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಕಿತ್ತರೆ ಒಳಗೆ ನಟ್ಟುಗಳು ಕಾಣುತ್ತವೆ. ಅವನ್ನು ಸ್ಪ್ಯಾನರ್ ಹಾಕಿ ಬಿಚ್ಚಿ, ವೈರಿನ ಪ್ಲಗ್ ಕಿತ್ತು, ಬಲ್ಬುಗಳನ್ನು ಹೋಲ್ಡರ್ ಸಮೇತ ತಿರುಗಿಸಿ ತೆಗೆದರೆ ಇಡೀ ದೀಪ ಕೈಗೆ ಬರುತ್ತದೆ. ಬಗ್ಗಿಸಿದೆ. ಮಳೆಯ ನೀರು ಗಳಗಳ ಅಂತ ಸುರಿದು ಹೋಯಿತು. ಅಷ್ಟಕ್ಕೇ ನನಗೆ ಯುದ್ಧ ಗೆದ್ದಷ್ಟು ಖುಷಿ.

ತಾರಸಿಯ ಮೇಲೆ ನಮ್ಮ ತೋಟದ ಕೊಬ್ಬರಿ ಹೋಳು ಒಣಗುತ್ತಿತ್ತು. ದೀಪವನ್ನೂ ಅದರ ನಡುವೆ ಬಿಸಿಲಿಗೆ ಇಟ್ಟೆ. ಕಾಗೆ ಓಡಿಸಲು ಅತ್ತೆ ಕೋಲು ಹಿಡಿದು ಕೂತಿದ್ದರು.

"ಇದನ್ನೂ ಕಾಗೆ ಕಚ್ಕೊಂಡು ಹೋಗ್ತೈತಾ?" ಅಂದರು.

"ಹೋದ್ರೆ ಹೋಗ್ಲಿ, ಅದರ ಮನೇಲಿ ದೀಪ ಹತ್ಲಿ" ಅಂದೆ.

ಒಣಗಿದ ಮೇಲೆ ಗ್ಯಾರೇಜಿನ ಪದರಗಳನ್ನೆಲ್ಲ ಬ್ಲೇಡಿನಿಂದ ಕೆತ್ತಿದೆ. ಬಲ್ಬಿನ ಜಾಗಗಳಿಗೆ ಪ್ಲಾಸ್ಟಿಕ್ ಕಟ್ಟಿ, ಒಂದರಲ್ಲಿ ಮಾತ್ರ ಸಣ್ಣ ಪೈಪು ತೂರಿಸಿ, ದೀಪವನ್ನು ನೀರಿನ ಟಬ್ಬಿನಲ್ಲಿ ಮುಳುಗಿಸಿ ಪೈಪಿನಲ್ಲಿ ಊದಿದೆ. ಸೈಕಲ್ ಅಂಗಡಿಯಲ್ಲಿ ಟ್ಯೂಬಿನ ಪಂಕ್ಚರ್ ಹುಡುಕುತ್ತಾರಲ್ಲ, ಹಾಗೆ. ಮೇಲಿನ ಅಂಚಿನಲ್ಲಿ, ಕೆಂಪು ಗಾಜೂ ಹಿಂದಿನ ಕಪ್ಪು ಡಬ್ಬಿಯೂ ಸೇರುವ ಕಡೆ, ಗುಳ್ಳೆಗಳು ಸಾಲಾಗಿ ಎದ್ದವು. ಕೂದಲೆಳೆಯಂಥ ಬಿರುಕು. ಒರೆಸಿ, ಒಣಗಿಸಿ, ಆ ಒಂದೇ ಕಡೆ ಸಿಲಿಕಾನ್ ಅಂಟು ತೆಳ್ಳಗೆ ಹಚ್ಚಿ ಒಂದು ದಿನ ಹಾಗೇ ಬಿಟ್ಟೆ. ದೀಪದ ಹಿಂದಿನ ರಬ್ಬರ್ ಪಟ್ಟಿಯನ್ನೂ ತೊಳೆದು ಕೂರಿಸಿದೆ. ಮತ್ತೆ ಊದಿದರೆ ಒಂದು ಗುಳ್ಳೆಯೂ ಇಲ್ಲ. ಎಲ್ಲಿಂದಲೂ ಇಲ್ಲ. ಆ ಮಾತಿನಲ್ಲೇ ತಪ್ಪು ಇತ್ತು, ಆಗ ನನಗೆ ಹೊಳೆಯಲಿಲ್ಲ.

ದೀಪ ಕೂರಿಸಿ ಯಜಮಾನರನ್ನು ಕರೆದು ತೋರಿಸಿದೆ. ಅವರು ಸಿಗ್ನಲ್ ನೋಡುವವರ ಹಾಗೆ ದೂರ ಹೋಗಿ ನಿಂತು ನೋಡಿ, "ಒಂದು ವಾರ ನೋಡೋಣ" ಅಂದರು. ವಾರ ಬೇಕಾಗಲಿಲ್ಲ. ಊರೊಳಗೆ ಒಂದು ಸುತ್ತು ಹೋಗಿ ಬಂದು, ಮರುದಿನ ಬೆಳಿಗ್ಗೆ ನೋಡಿದರೆ ಒಳಗೆಲ್ಲ ಹಬೆ. ನೀರು ನಿಂತಿರಲಿಲ್ಲ, ಆದರೆ ಹನಿ ಕೂಡಿಕೊಂಡು ಇಳಿಯಲು ತಯಾರಾಗಿತ್ತು. ದಸರಾ ರಜೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಆ ದಿನವೂ ಬಸ್ಸಿನಲ್ಲೇ ಹೋದೆ. ನಿಜ ಹೇಳಬೇಕೆಂದರೆ, ಜಾವಗಲ್ಲಿನ ಆಚೆ ಖಾಲಿ ರಸ್ತೆ ಬಂದಾಗ ಕಣ್ಣು ತುಂಬಿತು.

ಮಾರನೆಯ ದಿನ ಭಾನುವಾರ. ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಕಾಫಿಗೆ ಇಟ್ಟು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಅತ್ತೆ ಬಚ್ಚಲ ಕಡೆಯಿಂದ ಬಂದರು. ಕೈಯಲ್ಲಿ ಚಿಕ್ಕ ಹಿತ್ತಾಳೆ ಬಟ್ಟಲು. ಗೇಟಿನ ಕಡೆ ಒಮ್ಮೆ, ಪಕ್ಕದ ಮನೆಯ ಕಡೆ ಒಮ್ಮೆ ನೋಡಿ, ಕಾರಿನ ಹಿಂದೆ ಹೋಗಿ ಮಂಡಿ ಹಿಡಿದುಕೊಂಡು ಬಗ್ಗಿದರು. ಎಡಗಡೆಯ ದೀಪದ ಅಡಿಗೆ, ಯಾರಿಗೂ ಕಾಣದ ಜಾಗಕ್ಕೆ, ಬೆರಳಿನಿಂದ ಏನೋ ಒತ್ತಿದರು. ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಬಂದರು.

ಅವರು ಸ್ನಾನಕ್ಕೆ ಹೋದಾಗ ನಾನು ಹೋಗಿ ನೋಡಿದೆ. ನಮ್ಮ ಕಾರಿನ ಬಲಗಡೆ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಕಷ್ಟಪಟ್ಟು ಕೈ ತೂರಿಸಿ ಆ ಕಡೆಯ ದೀಪದ ಅಡಿ ಸವರಿದರೆ ಒಂದು ಸಣ್ಣ ತೂತು ಸಿಕ್ಕಿತು. ಎಡಗಡೆ ಅದೇ ಜಾಗದಲ್ಲಿ, ಬಿಚ್ಚಿದಾಗ ಪ್ಲಾಸ್ಟಿಕ್ಕಿನದೇ ಉಬ್ಬು ಅಂದುಕೊಂಡು ನಾನು ಬಿಟ್ಟಿದ್ದ ಗಟ್ಟಿಯಾದ ಉಂಡೆ, ಅದರ ಮೇಲೆ ಇನ್ನೂ ಹಸಿಯಾದ ಬೊಟ್ಟು. ಪಿನ್ನಿನಿಂದ ಕೆದಕಿದೆ. ಹಳದಿ ಪುಡಿ ಉದುರಿತು. ಮೂಸಿ ನೋಡಿದರೆ ಅರಿಶಿನ.

ಆಗ ಎಲ್ಲ ಅರ್ಥವಾಯಿತು. ಆ ತೂತು ಕಾರು ಮಾಡಿದವರೇ ಬಿಟ್ಟದ್ದು. ದೀಪ ಹತ್ತಿದಾಗ ಬಲ್ಬಿನ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಬೇಕು, ಆರಿದ ಮೇಲೆ ಒಳಗೆ ಬರಬೇಕು, ಹಾಗೆ ಹೋಗಿ ಬರುತ್ತಾ ತೇವ ಒಣಗಬೇಕು. ಅದು ದೀಪದ ಮೂಗು. ಮೂಗು ಮುಚ್ಚಿದ್ದಕ್ಕೆ ಮೇಲಿನ ಬಿರುಕಿನಿಂದ ಮಳೆಯ ನೀರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಬಿರುಕು ಮುಚ್ಚಿದ ಮೇಲೆ ಒಳಗಿನ ತೇವಕ್ಕೆ ಯಾವ ದಾರಿಯೂ ಉಳಿಯಲಿಲ್ಲ. ಟಬ್ಬಿನಲ್ಲಿ ಊದಿದಾಗ ಕೆಳಗಿನಿಂದ ಗುಳ್ಳೆ ಬರಬೇಕಿತ್ತು, ಬರಲಿಲ್ಲವಲ್ಲ ಎಂದು ನಾನು ಯೋಚಿಸಬೇಕಿತ್ತು.

ಅತ್ತೆ ಸ್ನಾನ ಮುಗಿಸಿ ಬಂದು ಜಗಲಿಯ ಮೇಲೆ ಕೂದಲು ಒಣಗಿಸುತ್ತಾ ಕೂತರು. ಕಾಫಿ ಕೊಟ್ಟು ಪಕ್ಕದಲ್ಲೇ ಕೂತೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಅತ್ತೆ, ಕಾರಿನ ಹಿಂದೆ ಅರಿಶಿನ ಯಾಕೆ ಹಚ್ತೀರಿ?"

ಅವರ ಲೋಟ ಅರ್ಧದಲ್ಲೇ ನಿಂತಿತು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಮುಖ ಕೆಂಪಾಯಿತು.

"ನೋಡ್ಬಿಟ್ಯಾ" ಅಂದರು. ಲೋಟ ಕೆಳಗಿಟ್ಟು, "ನಿನ್ನ ಕೈಗೆ ಕೀಲಿ ಕೊಟ್ಟ ದಿನದಿಂದ ಹಚ್ತಿದೀನಿ. ಸೋಮವಾರ ಸೋಮವಾರ. ಈಗ ದೀಪಕ್ಕೆ ಕಾಯಿಲೆ ಆದ ಮೇಲೆ ದಿನಾ ಹಚ್ತೀನಿ. ಗಾಯಕ್ಕೆ ಅರಿಶಿನ ಒಳ್ಳೇದಲ್ವಾ."

ನನಗೆ ನಗು ಬಂತು, ನಗಲಿಲ್ಲ. "ಹಚ್ಚೋದು ಸರಿ. ಎಲ್ಲರೂ ಮುಂದೆ ಹಚ್ತಾರೆ. ನೀವ್ಯಾಕೆ ಹಿಂದೆ, ಅದೂ ಅಡಿಯಲ್ಲಿ?"

"ಮುಂದಕ್ಕೆ ನೀನೇ ನೋಡ್ಕೊತೀಯ. ಹಿಂದಕ್ಕೆ ಯಾರವ್ವ ನೋಡ್ತಾರೆ?" ಅಂದರು. ಆಮೇಲೆ ದನಿ ತಗ್ಗಿಸಿ, "ಮುಂದೆ ಹಚ್ಚೋದಕ್ಕೆ ನನ್ನ ಕೈ ಆಗಲ್ಲ ಕಣವ್ವ. ನಿಮ್ಮ ಮಾವ ಹೋದ ಮೇಲೆ ಅದೆಲ್ಲ ಮುಗೀತು. ಯಾರ ಕಣ್ಣಿಗೂ ಬೀಳಬಾರದು ಅಂತ ಅಡಿಯಲ್ಲಿ ಹಚ್ದೆ" ಅಂದರು.

ಪ್ರತಿ ವರ್ಷ ಆಯುಧಪೂಜೆಯ ಹೊತ್ತಿಗೆ ಅತ್ತೆ ಅಡುಗೆಮನೆಯಲ್ಲೇ ಇರುತ್ತಾರೆ. ಕಡುಬೋ ಹೋಳಿಗೆಯೋ ಒಲೆಯ ಮೇಲಿದೆ ಅನ್ನುತ್ತಾರೆ. ಪಕ್ಕದ ಮನೆಯವರು ಬಂದು ನನ್ನ ಜೊತೆ ಆರತಿ ಎತ್ತುತ್ತಾರೆ. ಒಲೆಯ ಮೇಲಿನ ಹೋಳಿಗೆ ಯಾವತ್ತೂ ಅಷ್ಟು ಹೊತ್ತು ಬೇಯುವುದಿಲ್ಲ ಅನ್ನುವುದು ಆ ಬೆಳಿಗ್ಗೆ ನನ್ನ ತಲೆಗೆ ಹೋಯಿತು. ನನಗೆ ಬಹಳ ಸಂಕಟವಾಯಿತು, ಕೋಪವೂ ಬಂತು. ಯಾರ ಮೇಲೆ ಅಂತ ಗೊತ್ತಾಗದ ಕೋಪ.

ತೂತಿನ ಸಂಗತಿ ಹೇಳಬೇಕೋ ಬೇಡವೋ ಎಂದು ಕಾಫಿ ಮುಗಿಯುವವರೆಗೆ ಯೋಚಿಸಿದೆ. ಹೇಳದೆ ಬಿಟ್ಟರೆ ನಾಳೆ ಮತ್ತೆ ಹಚ್ಚುತ್ತಾರೆ, ಕಾರು ಹೋಗುತ್ತದೆ. ಕೈ ಹಿಡಿದು ಕರೆದುಕೊಂಡು ಹೋಗಿ, ಬಗ್ಗಿಸಿ, ತೋರಿಸಿದೆ. ದೀಪದ ಮೂಗಿನ ಕತೆ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಡಿಕ್ಕಿಯನ್ನು ಹಿಡಿದುಕೊಂಡು ನೆಟ್ಟಗಾದರು.

"ಹಂಗಾದ್ರೆ ಆ ಲಾರಿ ನಿನ್ನ ಮೇಲೆ ಬಂದಿದ್ದು ನನ್ನ ಕೈಯಿಂದ್ಲೇ."

"ಲಾರಿ ಬಂದಿದ್ದು ಮಳೆಯಿಂದ. ನಿಂತಿದ್ದು ಯಾರ ಕೈಯಿಂದ ಅಂತ ಯಾಕೆ ಲೆಕ್ಕ ಹಾಕಲ್ಲ ನೀವು?" ಅಂದೆ. ಗಟ್ಟಿಯಾಗಿಯೇ ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಗಣಿತದ ಟೀಚರಾಗಿ ನಾನು ಆ ಲೆಕ್ಕವನ್ನು ಸಾಬೀತು ಮಾಡಲಾರೆ. ಆದರೆ ಹೇಳಿದ್ದು ಮನಸ್ಸಿಟ್ಟೇ ಹೇಳಿದೆ.

"ಉಸಿರಾಡೋ ಮೂಗಿಗೇ ಮೆತ್ತಿದ್ನಲ್ಲಾ, ಪಾಪ" ಅಂದರು ಕೊನೆಗೆ. ಆಮೇಲೆ ಅವರಿಗೇ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಕೂತು ನಕ್ಕೆ.

ಅವತ್ತು ಇಬ್ಬರೂ ಸೇರಿಯೇ ದೀಪ ಬಿಚ್ಚಿದೆವು. ಅವರು ನಟ್ಟುಗಳನ್ನು ಬೀಳದ ಹಾಗೆ ಸೆರಗಿನಲ್ಲಿ ಕಟ್ಟಿಕೊಂಡರು. ಉಂಡೆಯನ್ನು ಬಿಸಿನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದವರು ಅವರೇ. ಕೊಬ್ಬರಿಯ ನಡುವೆ ಬಿಸಿಲಿಗಿಟ್ಟು, ಸಂಜೆ ಕೂರಿಸಿದೆವು. ಮರುದಿನ ಹಬೆ ಇಲ್ಲ. ಒಂದು ಮಳೆ ಬಂತು, ಆಮೇಲೂ ಇಲ್ಲ. ಯಜಮಾನರು ಒಂದು ವಾರ ದಿನಾ ಬೆಳಿಗ್ಗೆ ಟಾರ್ಚ್ ಹಾಕಿ ನೋಡಿದರು. ವಾರ ಮುಗಿದ ಮೇಲೆ ಕೀಲಿಯನ್ನು ನನ್ನ ಬ್ಯಾಗಿನ ಮೇಲೆ ಇಟ್ಟು ಡ್ಯೂಟಿಗೆ ಹೋದರು. ಅರಿಶಿನದ ವಿಷಯ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಆಯುಧಪೂಜೆ ಬಂತು. ಕಾರು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ಪಕ್ಕದ ಮನೆಯವರು ರೇಷ್ಮೆ ಸೀರೆ ಉಟ್ಟು ಬಂದು ನಿಂತಿದ್ದರು. ನಾನು ಒಳಗೆ ಹೋಗಿ ಒಲೆ ಆರಿಸಿದೆ.

"ಏ, ಹೋಳಿಗೆ ಕಣೇ" ಅಂದರು ಅತ್ತೆ.

"ಆಮೇಲೆ ಬೇಯಲಿ" ಅಂದು, ಅದೇ ಹಿತ್ತಾಳೆ ಬಟ್ಟಲನ್ನು ಅವರ ಕೈಗೆ ಕೊಟ್ಟು, ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ. "ನನ್ನ ಗಾಡಿಗೆ ನಮ್ಮ ಅತ್ತೆನೇ ಹಚ್ಚಬೇಕು" ಅಂದೆ. ಪಕ್ಕದ ಮನೆಯವರು ಜಾಗ ಬಿಟ್ಟು ಹಿಂದೆ ಸರಿದರು. ಯಜಮಾನರು ಊದುಬತ್ತಿ ಹಚ್ಚುವುದರಲ್ಲಿ ಮುಳುಗಿದ್ದರು, ಕಡ್ಡಿ ಯಾಕೋ ಹತ್ತಲೇ ಇಲ್ಲ.

ಅತ್ತೆ ಬೆರಳನ್ನು ಅರಿಶಿನದಲ್ಲಿ ಅದ್ದಿದರು. ಮುಂದಿನ ಬಾನೆಟ್ಟಿಗೆ ಒಂದು ಬೊಟ್ಟು ಇಟ್ಟರು, ಸಣ್ಣದು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಅವರು ಬಟ್ಟಲು ಹಿಡಿದುಕೊಂಡು ಕಾರನ್ನು ಸುತ್ತಿ ಹಿಂದಕ್ಕೆ ಹೋದರು. ಡಿಕ್ಕಿಯ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ, ಅಂಗೈ ಅಗಲದ ಅರಿಶಿನ ಬಳಿದು ಕುಂಕುಮ ಇಟ್ಟರು.

"ಇಲ್ಲಿ ಮೂಗಿಲ್ಲ ತಾನೇ?" ಅಂತ ಗಟ್ಟಿಯಾಗಿ ಕೇಳಿದರು.

"ಇಲ್ಲ ಅತ್ತೆ, ಎಷ್ಟು ಬೇಕಾದ್ರೂ ಹಚ್ಚಿ" ಅಂದೆ. ಮಿಕ್ಕವರಿಗೆ ಏನೂ ಅರ್ಥವಾಗಲಿಲ್ಲ.

ರಜೆ ಮುಗಿದು ಶಾಲೆ ಶುರುವಾದಾಗಿನಿಂದ ಒಂದು ಹೊಸ ಪದ್ಧತಿ ಬಂದಿದೆ. ಹಿಂದಿನ ದೀಪ ಓಡಿಸುವವರಿಗೆ ಕಾಣುವುದಿಲ್ಲವಲ್ಲ. ದಿನಾ ಬೆಳಿಗ್ಗೆ ನಾನು ಗೇಟು ದಾಟಿ ಕಾರು ನಿಲ್ಲಿಸಿ ಬ್ರೇಕ್ ಒತ್ತುತ್ತೇನೆ. ಅತ್ತೆ ಹಿಂದೆ ಬಂದು ನಿಲ್ಲುತ್ತಾರೆ. ಕನ್ನಡಿಯಲ್ಲಿ ನೋಡಿದರೆ ಮಬ್ಬಿನಲ್ಲಿ ಅವರ ಸೀರೆಯ ಮೇಲೆ ಕೆಂಪು ಬೆಳಕು ಬಿದ್ದಿರುತ್ತದೆ. ಮೊದಲು ಎಡಗಡೆಯದನ್ನು, ಆಮೇಲೆ ಬಲಗಡೆಯದನ್ನು ಬಗ್ಗಿ ನೋಡುತ್ತಾರೆ, ಮೂಗನ್ನೂ ಒಮ್ಮೆ ಸವರಿ ಡಿಕ್ಕಿಗೊಂದು ಅರಿಶಿನದ ಬೊಟ್ಟು ಇಡುತ್ತಾರೆ.

"ಎರಡೂ ಹತ್ತೈತೆ ಕಣವ್ವ. ಹೋಗ್ಬಾ" ಎಂದು ಅರಿಶಿನದ ಕೈ ಎತ್ತುತ್ತಾರೆ. ಆ ಕೈ ಮೇಲೇಳುವವರೆಗೆ ನಾನು ಬ್ರೇಕಿನಿಂದ ಕಾಲು ತೆಗೆಯುವುದಿಲ್ಲ.